ಡೊರೊಥಿ ತೀರಿಕೊಂಡಾಗ ನಕ್ಕವನು

ಹಲ್ಲುಜ್ಜಿ ಮುಗಿಸಿದ ಬದರಿನಾಥ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಸಂಕಟದ ನಗೆಯನ್ನು ಮೂರನೆಯ ಸಲ ಅಭ್ಯಾಸ ಮಾಡಿದ. ತುಟಿಯ ಎರಡು ತುದಿಗಳನ್ನೂ ಕಿವಿಯ ಕಡೆಗೆ ಎಳೆಯಬೇಕು, ಆದರೆ ಕೆನ್ನೆ ಏಳಕೂಡದು. ಹಲ್ಲು ಕಾಣಬೇಕು, ಕಣ್ಣು ಮಾತ್ರ ಈಗಷ್ಟೇ ಬಸ್ಸು ತಪ್ಪಿಸಿಕೊಂಡವನ ಕಣ್ಣಿನ ಹಾಗಿರಬೇಕು. ಮೊದಲ ಸಲ ಮಾಡಿದಾಗ ಸೀರೆ ಅಂಗಡಿಯ ಬೊಂಬೆ ಕಂಡಿತ್ತು. ಎರಡನೆಯ ಸಲ ಹಲ್ಲುನೋವಿನವನು ಕಂಡಿದ್ದ. ಮೂರನೆಯದು ಪರವಾಗಿಲ್ಲ ಎನಿಸಿತು. ಇದನ್ನೇ ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ, ಸೌತ್ ಲೇಕ್ ಯೂನಿಯನ್ ಬಡಾವಣೆಯ ತನ್ನ ಆಫೀಸಿನ ಒಂಬತ್ತನೇ ಮಹಡಿಯಲ್ಲಿ, ಡಬ್ಬಿ ಬಿಚ್ಚಿಕೊಂಡು ಕೂತ ನಲವತ್ತು ಜನರ ಮುಂದೆ ಮಾಡಿ, ‘ನಮ್ಮ ಸಂಸ್ಕೃತಿಯಲ್ಲಿ ದುಃಖದ ಸುದ್ದಿ ಕೇಳಿದಾಗ ಮುಖ ಹೀಗಾಗುತ್ತದೆ’ ಎಂದು ವಿವರಿಸಬೇಕು. ಆಗುವುದೇ ಇಲ್ಲ ಎನ್ನುವ ಹಾಗೂ ಇರಲಿಲ್ಲ. ಏನು ಹೇಳಬೇಕೆಂದು ತೋಚದಾಗ ನಮ್ಮವರು ಹಲ್ಲು ಕಿರಿಯುವುದುಂಟು. ಪರೀಕ್ಷೆಯಲ್ಲಿ ಫೇಲಾದವನೂ, ಮದುವೆಮನೆಯಲ್ಲಿ ಎಲೆಯ ಮುಂದೆ ಕೂತ ಮೇಲೆ ‘ನೀವು ಯಾರ ಕಡೆಯವರು’ ಎಂದು ಕೇಳಿಸಿಕೊಂಡವನೂ ನಗುವುದನ್ನು ಅವನೇ ಕಂಡಿದ್ದ. ಸುಳ್ಳಿನಲ್ಲಿ ಇಷ್ಟು ನಿಜ ಬೆರೆತಿದ್ದರಿಂದಲೇ ಅದು ಒಂಬತ್ತನೇ ಮಹಡಿಯವರೆಗೆ ಲಿಫ್ಟು ಹತ್ತಿ ಬಂದಿತ್ತು.

ಬಾಗಿಲ ಬಳಿ ಹನ್ನೊಂದು ವರ್ಷದ ಮಗಳು ಕವನಾ ಬ್ರಷ್ ಹಿಡಿದುಕೊಂಡು ನಿಂತಿದ್ದಳು. ‘ಡ್ಯಾಡ್, ಯು ಆರ್ ಡೂಯಿಂಗ್ ದ ಫೇಸ್ ಅಗೇನ್,’ ಎಂದಳು, ಟ್ಯಾಪ್ ಸೋರುತ್ತಿದೆ ಎಂದು ಹೇಳುವ ದನಿಯಲ್ಲಿ.

ಅಡುಗೆಮನೆಯಲ್ಲಿ ಅವನ ಹೆಂಡತಿ ಪ್ರತಿಭಾ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದಳು. ‘ರೀ, ಅದನ್ನ ಜನ ಊಟ ಮಾಡೋ ಹೊತ್ನಲ್ಲೇ ಮಾಡ್ತೀರಾ?’

‘ಅದಕ್ಕೇ ಲಂಚ್ ಅಂಡ್ ಲರ್ನ್ ಅನ್ನೋದು.’

‘ನಿಮ್ಮ ಮುಖ ನೋಡಿದ್ಮೇಲೆ ಲರ್ನ್ ಒಳಗ್ ಹೋಗತ್ತೆ, ಲಂಚ್ ಆಚೆ ಬರತ್ತೆ.’

‘ನೀನೇ ತಾನೆ ಇದನ್ನ ಹೇಳ್ಕೊಟ್ಟಿದ್ದು?’

‘ನಾನು ತಪ್ಪಿಸ್ಕೊಳ್ಳೋಕೆ ಹೇಳ್ಕೊಟ್ಟೆ,’ ಎಂದು ಪ್ರತಿಭಾ ಡಬ್ಬಿಯ ಮುಚ್ಚಳ ಒತ್ತಿದಳು. ‘ಪಾಠ ಮಾಡಿ ಅಂತ ಹೇಳ್ಲಿಲ್ಲ.’

ಮಾತು ನಿಜವಾಗಿದ್ದರಿಂದ ಅವನು ಡಬ್ಬಿ ತೆಗೆದುಕೊಂಡು ಹೊರಬಿದ್ದ. ರೆಂಟನ್ನಿನ ಬಸ್‌ಸ್ಟಾಪಿನಲ್ಲಿ ಹನಿಯೂ ಅಲ್ಲದ ಮಂಜೂ ಅಲ್ಲದ ಒಂದು ತೇವ ಮುಖಕ್ಕೆ ಅಂಟುತ್ತಿತ್ತು. ವಿಮಾನದ ಕಾರ್ಖಾನೆಯ ಬೆಳಗಿನ ಪಾಳಿಗೆ ಹೋಗುವ ಕಾರುಗಳು ಒಂದರ ಹಿಂದೊಂದು ನಿಂತಿದ್ದವು. ಪ್ರತಿ ಗಾಜಿನ ಹಿಂದೆಯೂ ಒಂದೊಂದು ಮುಖ, ಯಾರೂ ನೋಡುತ್ತಿಲ್ಲವೆಂಬ ಧೈರ್ಯದಲ್ಲಿ ಇಳಿಬಿಟ್ಟದ್ದು. ಬದರಿನಾಥನಿಗೆ ಇಂಥ ಮುಖಗಳೆಂದರೆ ಬಾಯಲ್ಲಿ ನೀರೂರುತ್ತಿತ್ತು. ಕನ್ನಡ ಕೂಟದ ಯುಗಾದಿಗೆ, ಗಣೇಶನಿಗೆ, ಯಾರದೋ ಗೃಹಪ್ರವೇಶಕ್ಕೆ ‘ಬದರಿ, ಒಂದೆರಡು ಐಟಂ ಮಾಡಪ್ಪ’ ಎಂದು ಎಲ್ಲರೂ ಹೇಳುತ್ತಿದ್ದರು, ಅವನು ನಕಲು ಮಾಡಿ ತೋರಿಸುತ್ತಿದ್ದ: ವಲಸೆ ಕೌಂಟರಿನ ಅಧಿಕಾರಿ, ಮೊದಲ ಸಲ ಹಿಮ ಕಂಡ ಅತ್ತೆ, ಕಾಫಿ ಅಂಗಡಿಯಲ್ಲಿ ಬದರಿಯ ಹೆಸರನ್ನು ‘ಬ್ಯಾಡ್ರೀ’ ಎಂದು ಕೂಗಿ ತಾನೇ ಕ್ಷಮೆ ಕೇಳುವ ಹುಡುಗಿ. ಜನ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಆಮೇಲೆ ಅವರಲ್ಲೇ ಕೆಲವರು ಅವನ ಎದುರು ಕೂತಾಗ ಮುಖ ಬಿಗಿ ಹಿಡಿಯುತ್ತಿದ್ದುದು ಅವನ ಗಮನಕ್ಕೆ ಬಂದಿತ್ತು. ತಮ್ಮ ಮುಖವೂ ಮುಂದಿನ ಗಣೇಶನಿಗೆ ಐಟಂ ಆದೀತೆಂಬ ಭಯ. ಅದು ಅವನಿಗೆ ಖುಷಿಯ ವಿಷಯವಾಗಿತ್ತು, ಆರು ವಾರದ ಹಿಂದಿನ ಆ ಸೋಮವಾರದವರೆಗೆ.

ಆ ಸೋಮವಾರ ಬೆಳಿಗ್ಗೆ ಹನ್ನೆರಡು ಮಂದಿಯೂ ತಂತಮ್ಮ ಮನೆಗಳಿಂದ ಪರದೆಯ ಮೇಲಿನ ಹನ್ನೆರಡು ಚೌಕಗಳಲ್ಲಿ ಬಂದು ಕೂತಿದ್ದರು. ಟೀಮಿನ ಮುಖ್ಯಸ್ಥೆ ಗ್ರೆಟ್ಚೆನ್, ಅರವತ್ತರ ಹತ್ತಿರದವಳು, ಫ್ರೀಮಾಂಟಿನ ಹಳೆಯ ಮನೆಯಲ್ಲಿ ಒಬ್ಬಳೇ ಇರುವವಳು, ಕೆಲಸದ ಮಾತಿಗೆ ಮುಂಚೆ ಒಂದು ವಿಷಯ ಹೇಳಬೇಕು ಎಂದಳು. ಶನಿವಾರ ಬೆಳಗಿನ ಜಾವ ಡೊರೊಥಿ ತೀರಿಕೊಂಡಳು. ನಿದ್ದೆಯಲ್ಲೇ. ನೋವೇನೂ ಪಡಲಿಲ್ಲ. ಹನ್ನೊಂದು ಚೌಕಗಳಲ್ಲಿ ಹನ್ನೊಂದು ಅಂಗೈಗಳು ಎದೆಯ ಮೇಲೆ ಹೋದವು. ಬದರಿನಾಥನ ಬಳಿ ಇದಕ್ಕೆಂದೇ ಒಂದು ಮುಖ ಸಿದ್ಧವಿತ್ತು, ಇದೇ ಊರಿನವರಿಂದ ಎತ್ತಿಕೊಂಡದ್ದು: ತುಟಿಗಳನ್ನು ಒಳಗೆ ಮಡಿಚಿ, ಹುಬ್ಬಿನ ನಡುವೆ ಎರಡು ಗೆರೆ ತಂದು, ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸುವುದು. ವಾಲಿಸಿದ. ಗ್ರೆಟ್ಚೆನ್‌ಳ ಅಕ್ಕ ಇರಬೇಕು, ಇಲ್ಲವೇ ಚಿಕ್ಕಮ್ಮ. ಎಷ್ಟು ವಯಸ್ಸಾಗಿತ್ತೋ ಪಾಪ ಎಂದುಕೊಳ್ಳುವಷ್ಟರಲ್ಲಿ ಗ್ರೆಟ್ಚೆನ್, ಗದ್ದ ನಡುಗಿಸುತ್ತ, ‘ಕೊನೆಯವರೆಗೂ ಗಟ್ಟಿಮುಟ್ಟಾಗಿದ್ದಳು. ಶುಕ್ರವಾರ ಕೂಡ ಒಂದು ಮೊಟ್ಟೆ ಇಟ್ಟಳು,’ ಎಂದಳು.

ಚಿಕ್ಕಮ್ಮ ಮೊಟ್ಟೆ ಇಟ್ಟದ್ದನ್ನು ಬದರಿನಾಥ ಮನಸ್ಸಿನಲ್ಲಿ ಕಂಡೇಬಿಟ್ಟ. ಕನ್ನಡಕ ಹಾಕಿಕೊಂಡು, ಹತ್ತಿಯ ಗೌನು ತೊಟ್ಟು, ಗಂಭೀರವಾಗಿ ಬುಟ್ಟಿಯಲ್ಲಿ ಕೂತು. ಅದು ಕೋಳಿ ಎಂದು ಗೊತ್ತಾದದ್ದು ಅದರ ಮರುಕ್ಷಣದಲ್ಲಿ, ಆದರೆ ಆ ಹೊತ್ತಿಗೆ ಕಾಲ ಮೀರಿತ್ತು. ಮಡಿಚಿಟ್ಟ ತುಟಿಗಳ ನಡುವಿನಿಂದ ಮೊದಲು ಗಾಳಿ ಹೊರಟಿತು, ಆಮೇಲೆ ಗೊರಕೆಯಂಥದೊಂದು ಸದ್ದು, ಆಮೇಲೆ ಎಲ್ಲವೂ. ಮೈಕು ಆರಿಸಿರಲಿಲ್ಲ. ಆ ಸಾಫ್ಟ್‌ವೇರಿನ ಒಂದು ಗುಣವೆಂದರೆ ಯಾರು ಸದ್ದು ಮಾಡುತ್ತಾರೋ ಅವರ ಚೌಕವನ್ನು ದೊಡ್ಡದು ಮಾಡಿ ಎಲ್ಲರಿಗೂ ತೋರಿಸುವುದು. ಬೇರೆಯವರ ಚೌಕಗಳು ಹಲ್ಲಿನ ಸಾಲಿನಂತೆ ಕೆಳಗೆ ಕುಗ್ಗಿ, ಬದರಿನಾಥನ ಮುಖವೊಂದೇ, ಕಣ್ಣು ಮುಚ್ಚಿ, ಹೆಗಲು ಏರಿ, ಬಾಯಿ ತೆರೆದು, ಹನ್ನೆರಡು ಮನೆಗಳ ಪರದೆಯ ತುಂಬ ಹದಿನಾಲ್ಕು ಸೆಕೆಂಡು ಕುಣಿಯಿತು. ಅಷ್ಟೇ ಎಂದು ಆಮೇಲೆ ಗೊತ್ತಾಯಿತು, ರೆಕಾರ್ಡಿಂಗ್ ಇತ್ತಲ್ಲ.

ಯಾರೋ ದೂರು ಕೊಟ್ಟು, ಮಾರನೆಯ ದಿನವೇ ಸಿಬ್ಬಂದಿ ವಿಭಾಗದ ಲಿಂಡ್ಸೆ ಗುರುವಾರಕ್ಕೆ ಕರೆ ಕಳಿಸಿದ್ದಳು. ಕೆಲಸ ಹೋದರೆ ವೀಸಾದ ನಿಯಮದಂತೆ ಅರವತ್ತು ದಿನದೊಳಗೆ ಇನ್ನೊಂದು ಹಿಡಿಯಬೇಕು, ಇಲ್ಲವಾದರೆ ಕವನಾಳ ಶಾಲೆ, ಮನೆ, ಗ್ರೀನ್ ಕಾರ್ಡಿನ ಹನ್ನೊಂದು ವರ್ಷದ ಸರತಿ ಎಲ್ಲವನ್ನೂ ಸೂಟ್‌ಕೇಸಿಗೆ ಹಾಕಿಕೊಂಡು ಮೈಸೂರಿಗೆ. ಆಗ ಪ್ರತಿಭಾ ಮನೆಯ ಒಲೆಯ ಮುಂದೆ ಒಗ್ಗರಣೆ ಹಾಕುತ್ತ, ‘ನಮ್ ಕಡೆ ಹಾಗೇ, ಸಂಕಟ ಆದ್ರೆ ನಗು ಬರತ್ತೆ ಅಂತ ಹೇಳ್ಬಿಡಿ,’ ಎಂದಳು. ‘ಇವರಿಗೆ ನೀವು ತಪ್ಪಾಯ್ತು ಅಂದ್ರೆ ಫೈಲ್ ಮಾಡ್ತಾರೆ, ಕಲ್ಚರ್ ಅಂದ್ರೆ ಕೈ ಮುಗೀತಾರೆ.’

ಕೈ ಮುಗಿದರು. ಲಿಂಡ್ಸೆ ರೆಕಾರ್ಡಿಂಗನ್ನು ಹಾಕಿದಳು, ಇಬ್ಬರೂ ಅಕ್ಕಪಕ್ಕ ಕೂತು ಅದನ್ನು ನೋಡಬೇಕಾಯಿತು. ತನ್ನ ಮುಖವನ್ನು ಬೇರೆಯವರ ಜೊತೆ ಕೂತು ನೋಡುವುದರಲ್ಲಿ ಒಂದು ಅಸಭ್ಯತೆ ಇದೆ ಎಂದು ಅವನಿಗೆ ಅನಿಸಿತು, ಬಟ್ಟೆ ಬದಲಾಯಿಸುವಾಗ ಯಾರೋ ಒಳಗೆ ಬಂದಂತೆ. ಅವನು ಪ್ರತಿಭಾಳ ವಾಕ್ಯವನ್ನು ಹೇಳಿದ. ಲಿಂಡ್ಸೆಯ ಮುಖ ಅರಳಿತು. ಒಂಬತ್ತನೆಯ ಸೆಕೆಂಡಿನಲ್ಲಿ ನಿಲ್ಲಿಸಿ, ‘ಇಲ್ಲಿ ಕಣ್ಣು ಮುಚ್ಚಿಕೊಂಡಿದ್ದೀರಿ. ಇದು ನೋವು, ಅಲ್ಲವೆ?’ ಎಂದಳು. ‘ಇಲ್ಲಿ ಕಣ್ಣೀರು ಕೂಡ ಇದೆ.’ ಇತ್ತು; ಅಷ್ಟು ನಕ್ಕರೆ ಯಾರಿಗೂ ಬರುತ್ತದೆ. ‘ನೀವು ಬ್ರೇವ್ ಫೇಸ್ ಹಾಕಿಕೊಳ್ಳಲು ಹೋಗಿದ್ದೀರಿ, ಆಗಲಿಲ್ಲ,’ ಎಂದು ಲಿಂಡ್ಸೆಯೇ ತೀರ್ಪು ಕೊಟ್ಟಳು. ಎದೆ ಒಡೆದರೂ ಏನೂ ಆಗಿಲ್ಲವೆಂಬಂತೆ ಮುಖ ಇಟ್ಟುಕೊಳ್ಳುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ಬದರಿನಾಥ ಆ ಮುಖವನ್ನು ಸನ್ಮಾನದ ಶಾಲಿನಂತೆ ತಲೆ ಬಾಗಿಸಿ ಹೊದ್ದುಕೊಂಡ. ಆಮೇಲೆ ಲಿಂಡ್ಸೆ ದನಿ ತಗ್ಗಿಸಿ ಹೇಳಿದಳು: ಡೊರೊಥಿ ಗ್ರೆಟ್ಚೆನ್‌ಳ ಗಂಡ ಸಾಕಿದ ಆರು ಕೋಳಿಗಳಲ್ಲಿ ಕೊನೆಯದು. ಗಂಡ ಹೋಗಿ ಎರಡು ವರ್ಷ. ಆತ ಕೈಯಾರೆ ಕಟ್ಟಿದ ಗೂಡು ಇನ್ನು ಖಾಲಿ. ಬದರಿನಾಥನ ಮುಖ ಆ ಕ್ಷಣ ಏನಾಯಿತೋ ಅವನಿಗೆ ಗೊತ್ತಿಲ್ಲ, ಆದರೆ ಲಿಂಡ್ಸೆ ಅದನ್ನು ನೋಡಿ ಟಿಶ್ಯೂ ಡಬ್ಬಿಯನ್ನು ಅವನ ಕಡೆ ತಳ್ಳಿದಳು.

ಬಸ್ಸು ಹೆದ್ದಾರಿಗೆ ಏರಿತು. ಬ್ರೇವ್ ಫೇಸ್. ನಂಜನಗೂಡಿನ ಕಾಲೇಜಿನಲ್ಲಿ ನಾಗಲಿಂಗಪ್ಪ ಮೇಷ್ಟ್ರು ಇಂಗ್ಲಿಷಿನ ನುಡಿಗಟ್ಟುಗಳನ್ನು ಬರೆಸುವಾಗ ಇದನ್ನೂ ಬರೆಸಿದ್ದರು, ಸ್ವಂತ ವಾಕ್ಯದಲ್ಲಿ ಬಳಸಿರಿ, ಎರಡು ಅಂಕ. ಲಾಂಗ್ ಫೇಸ್ ಎಂದರೆ ದುಃಖದ ಮುಖ. ಸ್ಟ್ರೇಟ್ ಫೇಸ್ ಎಂದರೆ ನಗು ಬಂದರೂ ನಗದವನ ಮುಖ. ಪೋಕರ್ ಫೇಸ್ ಎಂದರೆ, ಮೇಷ್ಟ್ರು ಕಿಟಕಿಯಾಚೆ ನೋಡಿ, ‘ಇಸ್ಪೀಟು ಆಡೋವಾಗ ಎಲೆ ಹೆಂಗಿದೆ ಅಂತ ತೋರಿಸಿಕೊಳ್ಳದ ಮುಖ, ಅದು ನಿಮಗೇ ಚೆನ್ನಾಗಿ ಗೊತ್ತು,’ ಎಂದಿದ್ದರು. ಹಿಸ್ ಫೇಸ್ ಫೆಲ್ ಎಂದಾಗ ಹಿಂದಿನ ಬೆಂಚಿನಿಂದ ‘ಎಲ್ಲಿಗೆ ಸಾ?’ ಎಂದು ಕೇಳಿದವನು ಬದರಿನಾಥನೇ, ಮೇಷ್ಟ್ರದೇ ದನಿಯಲ್ಲಿ. ಮೇಷ್ಟ್ರು ಬೈಯಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ಅವನನ್ನೇ ನೋಡಿದರು, ಮತ್ತೆ ಆ ವರ್ಷವೆಲ್ಲ ಪಾಠ ಮಾಡುವಾಗ ತಮ್ಮ ದನಿಯನ್ನು ತಾವೇ ಕೇಳಿಸಿಕೊಳ್ಳುತ್ತಿರುವವರಂತೆ ತಡೆತಡೆದು ಮಾತಾಡಿದರು. ಇಂಗ್ಲಿಷಿನವರಿಗೆ ಮುಖವೆಂದರೆ ಬಡಗಿಯ ಕೆಲಸ: ಉದ್ದ ಮಾಡಬಹುದು, ನೇರ ಮಾಡಬಹುದು, ಸಡಿಲವಾದರೆ ಕಳಚಿ ಬೀಳುತ್ತದೆ, ಹೋಗುವುದರೊಳಗೆ ಹಿಡಿದುಕೊಂಡರೆ ಉಳಿಯುತ್ತದೆ. ಮೇಲ್ತುಟಿಯನ್ನು ಬಿಗಿ ಮಾಡಿಬಿಟ್ಟರೆ ಎಂಥ ಶೋಕವೂ ಅಲ್ಲಾಡದಂತೆ ಮೊಳೆ ಹೊಡೆದ ಹಾಗೆ. ಕನ್ನಡದ ಮುಖ ಅಡುಗೆಮನೆಯದು: ಬಾಡುತ್ತದೆ, ಊದುತ್ತದೆ, ಸಪ್ಪಗಾಗುತ್ತದೆ, ಹುಳ್ಳಗಾಗುತ್ತದೆ, ಹರಳೆಣ್ಣೆ ಕುಡಿಯುತ್ತದೆ, ಇಂಗು ತಿನ್ನುತ್ತದೆ. ಹದಿನೆಂಟು ವರ್ಷದಿಂದ ತಾನು ಬಡಗಿಗಳ ನಡುವೆ ಅಡುಗೆಯವನು. ಈ ಮಾತು ಚೆನ್ನಾಗಿದೆ, ಇವತ್ತಿನ ಉಪನ್ಯಾಸಕ್ಕೆ ಸೇರಿಸಬಹುದು ಎಂದುಕೊಂಡ, ಎಂದುಕೊಂಡದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಫೋನು ತೆಗೆದು ಅದನ್ನು ಬರೆದಿಟ್ಟುಕೊಂಡ.

ಪೇಟೆಯಲ್ಲಿ ಬಸ್ಸಿಳಿದು, ಹಳಿಯ ಮೇಲೆ ಓಡುವ ಸ್ಟ್ರೀಟ್‌ಕಾರು ಹತ್ತಿದಾಗ ಕಿಟಕಿಯ ಪಕ್ಕ ಮಧುರಾ ಕೂತಿದ್ದಳು. ಇಪ್ಪತ್ತಾರರ ಬೆಂಗಳೂರಿನ ಹುಡುಗಿ, ಅವನದೇ ಟೀಮು, ಅವನೇ ಸಂದರ್ಶನ ಮಾಡಿ ತೆಗೆದುಕೊಂಡವಳು. ಸುಮ್ಮನೆ ಕೂತರೂ ಅವಳ ತುಟಿಯಲ್ಲಿ ಒಂದು ನಗೆ ಇರುತ್ತಿತ್ತು, ಹುಟ್ಟಿದ್ದೇ ಹಾಗೆ. ಇವತ್ತು ಇರಲಿಲ್ಲ. ಪಕ್ಕದಲ್ಲಿ ಜಾಗವಿದ್ದುದರಿಂದ ಅವನು ಕೂರಲೇಬೇಕಾಯಿತು.

‘ಎಲ್ಲಾ ರೆಡಿನಾ ಸರ್, ನಿಮ್ಮ ಪ್ರವಚನ?’

‘ಸರ್ ಅನ್ಬೇಡ ಅಂತ ಎಷ್ಟು ಸಲ ಹೇಳ್ಲಿ.’

‘ಸರಿ ಸರ್.’ ಅವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಅವನ ತೊಡೆಯ ಮೇಲೆ ಇಟ್ಟಳು. ಲಿಂಡ್ಸೆ ಮೂರು ವಾರದ ಹಿಂದೆ ಎಲ್ಲ ಟೀಮುಗಳಿಗೂ ಹಂಚಿದ ಸೂಚನೆ. ನಿಮ್ಮ ದಕ್ಷಿಣ ಏಷ್ಯಾದ ಸಹೋದ್ಯೋಗಿ ನಗುತ್ತಿದ್ದರೆ ಅವರು ಒತ್ತಡದಲ್ಲಿ ಇರಬಹುದು. ಸಮಯ ಕೊಡಿ, ನಿಧಾನವಾಗಿ ವಿಚಾರಿಸಿ. ‘ಮೂರು ವಾರದಿಂದ ನಾನು ನಕ್ಕಾಗೆಲ್ಲ ಯಾರಾದ್ರೂ ಬಂದು ಆರ್ ಯು ಓಕೆ ಅಂತಾರೆ. ಓಕೆ ಅಂತ ಇನ್ನೊಂದ್ಸಲ ನಕ್ರೆ ಟಿಶ್ಯೂ ಕೊಡ್ತಾರೆ. ನನ್ ಟೇಬಲ್ ಮೇಲೆ ಈಗ ನಾಲ್ಕು ಡಬ್ಬಿ ಇದೆ ಸರ್, ನೆಗಡೀನೇ ಬರ್ತಿಲ್ಲ.’

ಅವನಿಗೆ ನಗು ಬಂತು, ತಡೆದ. ತಡೆದದ್ದು ಅವಳಿಗೆ ಕಾಣಿಸಿತು.

‘ಡೆಮೋ ತಗೊಂಡ್ಬಿಟ್ರು,’ ಎಂದಳು ಮಧುರಾ.

ಮಂಗಳವಾರದ ಡೆಮೋ. ಏಳು ತಿಂಗಳು ಒಬ್ಬಳೇ ಕೂತು ಕಟ್ಟಿದ ಕೆಲಸವನ್ನು ಕಂಪನಿಯ ಮೇಲಿನವರ ಮುಂದೆ ಅವಳೇ ತೋರಿಸಬೇಕಿತ್ತು. ಪ್ರಮೋಷನ್ನು ಅದರ ಮೇಲೆಯೇ ನಿಂತಿತ್ತು. ‘ನಿನ್ನೆ ಗ್ರೆಟ್ಚೆನ್ ಕರೆದು, ರಿಹರ್ಸಲ್‌ನಲ್ಲಿ ನೀನು ಉದ್ದಕ್ಕೂ ನಗ್ತಾ ಇದ್ದೆ, ನಿಂಗೆಷ್ಟು ಕಷ್ಟ ಆಗ್ತಿದೆ ಅಂತ ನಂಗೆ ಅರ್ಥ ಆಯ್ತು, ನಾನೇ ಮಾಡ್ತೀನಿ ಬಿಡು ಅಂದ್ರು. ಎಷ್ಟು ಪ್ರೀತಿಯಿಂದ ಅಂದ್ರು ಅಂದ್ರೆ, ಜಗಳ ಆಡೋಕೂ ಆಗ್ಲಿಲ್ಲ. ಖುಷಿಯಾಗಿದೀನಿ ಅದಕ್ಕೇ ನಗ್ತಿದೀನಿ ಅಂದೆ. ನನ್ ಕೈ ಹಿಡ್ಕೊಂಡ್ರು.’ ಅವಳು ಕಿಟಕಿಯಾಚೆ ನೋಡಿದಳು. ‘ಇವತ್ತು ನಿಜ ಹೇಳ್ಬಿಡಿ ಸರ್.’

‘ಏನಂತ?’

‘ಕೋಳಿ ವಿಷ್ಯ ನಗು ಬಂತು, ನಕ್ಕೆ ಅಂತ. ಆ ಮೀಟಿಂಗಲ್ಲಿ ನಾನೂ ಇದ್ದೆ. ಒಳಗೇ ನಕ್ಕೆ, ಮೈಕ್ ಆಫ್ ಇತ್ತು.’

‘ಆ ಕಂಪ್ಲೇಂಟ್ ಮತ್ತೆ ಓಪನ್ ಆಗತ್ತೆ ಮಧುರಾ. ನಂಗೆ ಮನೆ ಇದೆ, ಮಗಳಿದಾಳೆ.’

‘ನಂಗೂ ಮುಖ ಇದೆ ಸರ್.’

ಅವಳು ಅದನ್ನು ಜೋರಾಗಿ ಹೇಳಲಿಲ್ಲ. ಎದುರು ಸೀಟಿನಲ್ಲಿ ಅಂಗಾತ ಮಲಗಿದ್ದ ಯಾರದೋ ನಾಯಿ ಒಂದು ಕಣ್ಣು ತೆರೆದು ಬದರಿನಾಥನನ್ನು ನೋಡಿ ಮುಚ್ಚಿಕೊಂಡಿತು. ಅವನು ಒಂದು ನಗೆ ನಕ್ಕ, ಮತ್ತು ನಕ್ಕ ಮೇಲೆ ಗೊತ್ತಾಯಿತು, ಬೆಳಿಗ್ಗೆ ಕನ್ನಡಿಯ ಮುಂದೆ ಮೂರು ಸಲ ಹೆಣಗಿದರೂ ಪೂರ್ತಿ ಬಾರದ ಸಂಕಟದ ನಗೆ ಇದೇ, ತುಟಿ ಎಳೆದು, ಕೆನ್ನೆ ಏಳದೆ, ಅಚ್ಚುಕಟ್ಟಾಗಿ, ಯಾರೂ ನೋಡದ ಹೊತ್ತಿನಲ್ಲಿ ಬಂದು ಹೋಯಿತು. ಮಧುರಾ ಅವನ ತೊಡೆಯ ಮೇಲಿನ ಹಾಳೆಯನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು.

ಹನ್ನೆರಡು ಗಂಟೆಗೆ ಒಂಬತ್ತನೇ ಮಹಡಿಯ ಕೋಣೆ ತುಂಬಿತು. ಗಾಜಿನಾಚೆ ಸರೋವರ, ಅದರ ಮೇಲೆ ಒಂದು ಪುಟ್ಟ ವಿಮಾನ ಇಳಿಯುತ್ತ, ಗಾಜಿನೀಚೆ ನಲವತ್ತು ಜನ ಸೊಪ್ಪು ಜಗಿಯುತ್ತ. ಮುಂದಿನ ಸಾಲಿನಲ್ಲಿ ಗ್ರೆಟ್ಚೆನ್, ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ನು. ಹಿಂದಿನ ಗೋಡೆಗೆ ಒರಗಿ ಮಧುರಾ. ಲಿಂಡ್ಸೆ ಪರಿಚಯ ಮಾಡುತ್ತ, ಒಂದು ನೋವಿನ ಘಟನೆಯನ್ನು ಒಂದು ಕಲಿಕೆಯಾಗಿ ಬದಲಿಸಿದ ಧೈರ್ಯಶಾಲಿ ಎಂದಳು. ಬದರಿನಾಥ ಮೊದಲ ಚಿತ್ರ ಹಾಕಿದ: ತನ್ನದೇ ಮುಖ, ಕೆಳಗೆ ‘ಸಂಕಟ’ ಎಂಬ ಶೀರ್ಷಿಕೆ. ಬಡಗಿ ಮತ್ತು ಅಡುಗೆಯವನ ಮಾತು ಹೇಳಿದ, ಜನ ನಕ್ಕರು, ಇಬ್ಬರು ಬರೆದುಕೊಂಡರು. ಲಾಂಗ್ ಫೇಸ್ ಮಾಡಿ ತೋರಿಸಿದ, ಸ್ಟ್ರೇಟ್ ಫೇಸ್ ಮಾಡಿ ತೋರಿಸಿದ, ಬಿಗಿದ ಮೇಲ್ತುಟಿ ಮಾಡಿ ತೋರಿಸಿದಾಗ ಲಂಡನ್ನಿನಿಂದ ಬಂದ ಒಬ್ಬ ಚಪ್ಪಾಳೆ ತಟ್ಟಿದ. ನಾಲಿಗೆ ತಾನಾಗಿ ಓಡುತ್ತಿತ್ತು. ಈಗ ಹೇಳಬೇಕು, ಈ ಚಿತ್ರ ಮುಗಿದ ಮೇಲೆ ಹೇಳುತ್ತೇನೆ ಎಂದುಕೊಂಡ. ಆ ಚಿತ್ರ ಮುಗಿದಾಗ ಮುಂದಿನದು ಮುಗಿಯಲಿ ಎಂದುಕೊಂಡ. ಹೀಗೆ ಹೇಳದೆ ಉಳಿಯುವುದಕ್ಕೆ ಧೈರ್ಯವೇನೂ ಬೇಕಾಗಲಿಲ್ಲ, ಸ್ಲೈಡುಗಳಿದ್ದರೆ ಸಾಕಾಯಿತು. ಸಂಕಟದ ನಗೆಯನ್ನು ಮಾಡಿದಾಗ ಕೋಣೆಯಲ್ಲಿ ಚಮಚದ ಸದ್ದು ನಿಂತಿತು. ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಗ್ರೆಟ್ಚೆನ್ ಏನೂ ಬರೆಯದೆ ಅವನನ್ನು ನೋಡುತ್ತಿದ್ದಳು.

‘ಪ್ರಶ್ನೆಗಳು?’ ಎಂದಳು ಲಿಂಡ್ಸೆ.

ಹಿಂದಿನಿಂದ ಮಧುರಾ ಕೈ ಎತ್ತಿದಳು. ಇಂಗ್ಲಿಷಿನಲ್ಲಿ, ಬಹಳ ಸೌಜನ್ಯದಿಂದ ಕೇಳಿದಳು: ‘ಸಂಕಟದ ನಗೆ ತೋರಿಸಿದಿರಿ, ತುಂಬ ಉಪಯೋಗವಾಯಿತು. ನಮಗೆ ನಿಜವಾಗಿಯೂ ನಗು ಬಂದಾಗ ಮುಖ ಹೇಗಿರುತ್ತದೆ, ಅದನ್ನೂ ತೋರಿಸುತ್ತೀರಾ? ಎರಡೂ ನೋಡಿದರೆ ತಾನೆ ಎಲ್ಲರಿಗೂ ವ್ಯತ್ಯಾಸ ಗೊತ್ತಾಗುವುದು.’

‘ಗ್ರೇಟ್ ಕ್ವೆಶ್ಚನ್,’ ಎಂದಳು ಲಿಂಡ್ಸೆ.

ನಲವತ್ತು ಫೋರ್ಕುಗಳು ಕೆಳಗಿಳಿದವು. ಬದರಿನಾಥ ನಕ್ಕ, ಅಂದರೆ ಹಲ್ಲು ತೋರಿಸಿದ, ಹಾ ಹಾ ಎಂದ. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಅವನಿಗೇ ಕಸಿವಿಸಿಯಾಯಿತು. ಹಿಂದೆ ಯಾರೋ ಸೊಪ್ಪು ಜಗಿಯಲು ಶುರು ಮಾಡಿದರು, ಲಂಡನ್ನಿನವನು ಫೋನು ನೋಡಿಕೊಂಡ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಅಷ್ಟಕ್ಕೆ ಬಿಟ್ಟು, ಹೀಗೆ ಎಂದು ಹೇಳಿ, ಧನ್ಯವಾದ ಅರ್ಪಿಸಿ ಕೆಳಗಿಳಿದಿದ್ದರೆ ಮನೆ, ಮಗಳ ಶಾಲೆ, ಸರತಿಯ ಹನ್ನೊಂದು ವರ್ಷ ಎಲ್ಲವೂ ಇದ್ದಲ್ಲಿಯೇ ಇರುತ್ತಿದ್ದವು. ಆದರೆ ಇಪ್ಪತ್ತು ವರ್ಷ ಒಂದು ಐಟಂ ಕೂಡ ಸಪ್ಪೆಯಾಗಲು ಬಿಟ್ಟವನಲ್ಲ ಅವನು. ಸುಳ್ಳು ಹೇಳಿದ್ದಕ್ಕೆ ಆಗದಿದ್ದ ಅವಮಾನ ಕೆಟ್ಟದಾಗಿ ನಕಲು ಮಾಡಿದ್ದಕ್ಕೆ ಆಯಿತು. ‘ಒಂದು ನಿಮಿಷ,’ ಎಂದ, ಕಣ್ಣು ಮುಚ್ಚಿದ, ನಗು ತರುವಂಥದೇನಾದರೂ ಸಿಗುತ್ತದೆಯೇ ಎಂದು ಒಳಗೆ ತಡಕಾಡಿದ. ವಲಸೆ ಅಧಿಕಾರಿ ಬಂದ, ನಗು ಬರಲಿಲ್ಲ. ಹಿಮ ಕಂಡ ಅತ್ತೆ ಬಂದರು, ಬರಲಿಲ್ಲ. ಆಮೇಲೆ, ಬೇಡ ಬೇಡವೆಂದರೂ, ಕತ್ತಲಿನಲ್ಲಿ ಹತ್ತಿಯ ಗೌನು ತೊಟ್ಟ ಆ ಚಿಕ್ಕಮ್ಮ ಗಂಭೀರವಾಗಿ ಬುಟ್ಟಿಯಲ್ಲಿ ಕೂತು ಕನ್ನಡಕ ಸರಿ ಮಾಡಿಕೊಂಡಳು. ತುಟಿಗಳ ನಡುವಿನಿಂದ ಮೊದಲು ಗಾಳಿ ಹೊರಟಿತು.

ಅದು ಎಷ್ಟು ಹೊತ್ತು ನಡೆಯಿತೋ ತಿಳಿಯದು. ಕಣ್ಣು ಬಿಟ್ಟಾಗ ಕೋಣೆಗೆ ಕೋಣೆಯೇ ನಗುತ್ತಿತ್ತು. ಲಿಂಡ್ಸೆ ಮೇಜು ಹಿಡಿದುಕೊಂಡು ಬಗ್ಗಿದ್ದಳು, ಸೊಪ್ಪು ಜಗಿಯುತ್ತಿದ್ದವನು ಕೆಮ್ಮುತ್ತಿದ್ದ. ‘ವ್ಯತ್ಯಾಸ,’ ಎಂದು ಲಿಂಡ್ಸೆ ಕಣ್ಣು ಒರೆಸಿಕೊಳ್ಳುತ್ತ ಉಸಿರು ಹಿಡಿದು ಹೇಳಿದಳು, ‘ವ್ಯತ್ಯಾಸ ಬಹಳ ಸೂಕ್ಷ್ಮವಾದದ್ದು.’ ಚಪ್ಪಾಳೆ ಬಿತ್ತು. ನಗದೆ ಇದ್ದವರು ಇಬ್ಬರು: ಹಿಂದೆ ಮಧುರಾ, ಮುಂದೆ ಗ್ರೆಟ್ಚೆನ್. ಗ್ರೆಟ್ಚೆನ್‌ಳ ಮುಖ ಉದ್ದವಾಗಲಿಲ್ಲ, ಬೀಳಲಿಲ್ಲ, ಬಾಡಲೂ ಇಲ್ಲ. ನಾಗಲಿಂಗಪ್ಪ ಮೇಷ್ಟ್ರು ಬರೆಸಿದ್ದರಲ್ಲಿ ಆ ಮುಖಕ್ಕೆ ವಾಕ್ಯವಿರಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಜನ ಡಬ್ಬಿಗಳನ್ನು ಎತ್ತಿಕೊಂಡು, ಅವನ ಬೆನ್ನು ತಟ್ಟಿ, ಒಬ್ಬೊಬ್ಬರಾಗಿ ಹೊರಟರು. ಲಿಂಡ್ಸೆ ಇದನ್ನು ಉಳಿದ ಆಫೀಸುಗಳಲ್ಲೂ ಮಾಡಿಸಬೇಕೆಂದು ಹೇಳಿ ಹೋದಳು. ಕೊನೆಗೆ ಕೋಣೆಯಲ್ಲಿ ಉಳಿದವರು ಮೂವರು. ಗ್ರೆಟ್ಚೆನ್ ಎದ್ದು ಮೊದಲು ಹಿಂದಿನ ಗೋಡೆಯ ಕಡೆ ತಿರುಗಿದಳು.

‘ರಿಹರ್ಸಲ್ ದಿನ ನೀನು ನಗುತ್ತಿದ್ದದ್ದು?’

‘ನಗುವೇ,’ ಎಂದಳು ಮಧುರಾ. ‘ಖುಷಿಯಾಗಿತ್ತು.’

‘ಮಂಗಳವಾರ ನೀನೇ ಮಾಡು. ಕ್ಷಮಿಸು.’

ಮಧುರಾ ತಲೆಯಾಡಿಸಿ, ಬದರಿನಾಥನ ಕಡೆ ನೋಡದೆ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

‘ಲಿಂಡ್ಸೆಗೆ ನೀವು ಹೇಳುತ್ತೀರೋ, ನಾನು ಹೇಳಲೋ?’ ಗ್ರೆಟ್ಚೆನ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ಹಂಚುವಾಗಿನ ದನಿ.

‘ನಾನೇ ಹೇಳುತ್ತೇನೆ,’ ಎಂದ ಬದರಿನಾಥ. ‘ಇವತ್ತೇ.’ ಕ್ಷಮೆ ಕೇಳಬೇಕಿತ್ತು, ಕೋಳಿಯ ವಿಷಯಕ್ಕೋ, ಗಂಡನ ವಿಷಯಕ್ಕೋ, ಆಮೇಲೆ ಹೇಳಿದ ಸುಳ್ಳಿಗೋ, ಯಾವುದರಿಂದ ಶುರು ಮಾಡಬೇಕು, ಯಾವ ಮುಖ ಇಟ್ಟುಕೊಂಡು ಕೇಳಬೇಕು ಎಂದು ಯೋಚಿಸುತ್ತ ನಿಂತ.

ಗ್ರೆಟ್ಚೆನ್ ಕನ್ನಡಕ ತೆಗೆದು ಪುಸ್ತಕದ ಮೇಲೆ ಇಟ್ಟಳು. ಕಣ್ಣು ಮುಚ್ಚಿದಳು. ಅವಳ ಹೆಗಲುಗಳು ಮೇಲೇರಿದವು, ತಲೆ ಎಡಕ್ಕೆ ಸ್ವಲ್ಪ ಜಾರಿ ಹಿಂದಕ್ಕೆ ಹೋಯಿತು, ಮೇಲಿನ ಹಲ್ಲುಗಳೆಲ್ಲ ಒಸಡಿನವರೆಗೆ ಕಂಡವು, ಮೂಗು ಸುಕ್ಕುಗಟ್ಟಿತು, ಕುತ್ತಿಗೆಯ ನರ ಉಬ್ಬಿತು. ದನಿಯೇ ಇಲ್ಲದೆ, ಖಾಲಿ ಕುರ್ಚಿಗಳ ನಡುವೆ ನಿಂತು, ಅರವತ್ತರ ಆ ಹೆಂಗಸು ಮೈ ಕುಲುಕಿಸಿ ನಕ್ಕಳು. ಬದರಿನಾಥನಿಗೆ ಅದು ಯಾರ ಮುಖವೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಜೀವನದಲ್ಲಿ ಯಾರೂ ಅವನ ನಕಲು ಮಾಡಿರಲಿಲ್ಲ.

ಅವಳು ಮುಖವನ್ನು ಕೆಳಗಿಳಿಸಿ ಕನ್ನಡಕ ಹಾಕಿಕೊಂಡಳು. ‘ಆರು ವಾರದಿಂದ ಆ ರೆಕಾರ್ಡಿಂಗ್ ನೋಡಿಕೊಂಡು ಕನ್ನಡಿಯ ಮುಂದೆ ಮಾಡುತ್ತಿದ್ದೇನೆ,’ ಎಂದಳು. ‘ನೀವು ಹೇಳಿದ್ದು ನಿಜವಿರಬೇಕು, ಮುಖ ಹೀಗಾದಾಗ ಒಳಗೆ ಸಂಕಟವಾಗುತ್ತ ಇರಬೇಕು, ನನಗೂ ಅದು ಗೊತ್ತಾಗಲಿ ಎಂದು. ಪ್ರತಿ ಸಲವೂ ನನಗೆ ನಗು ಬರುತ್ತಿತ್ತು. ಡೊರೊಥಿಯ ವಿಷಯದಲ್ಲಿ ನಗುತ್ತಿದ್ದೇನಲ್ಲ ಎಂದು ಆಮೇಲೆ ಅಳುತ್ತಿದ್ದೆ. ನನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಂಡಿದ್ದೆ.’ ಪುಸ್ತಕವನ್ನು ಎದೆಗೆ ಅವಚಿಕೊಂಡಳು. ‘ಸರಿಯಾಗಿ ಮಾಡಿದೆನೆ?’

ಎಡಗಡೆಯ ಹುಬ್ಬು ಇನ್ನೂ ಕೂದಲೆಳೆಯಷ್ಟು ಮೇಲೆ ಏಳಬೇಕಿತ್ತು. ಉಳಿದದ್ದರಲ್ಲಿ ಒಂದು ತಪ್ಪೂ ಇರಲಿಲ್ಲ.

‘ಸರಿಯಾಗಿದೆ,’ ಎಂದ ಬದರಿನಾಥ.